ಮನೆಗೊಂದು ಉಡಿದಾರ

ಎಲ್ಲರಿಗೂ ನಮಸ್ಕಾರ. ಇವತ್ತು ನನಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ಉದ್ದ ಇದೆ. 'ಗ್ರಾಮೀಣ ಪ್ರದೇಶದಲ್ಲಿ ಭೂಕಂಪ ನಿರೋಧಕ ಗೃಹ ನಿರ್ಮಾಣ ಕುರಿತು ಸ್ಥಳೀಯ ಕಟ್ಟಡ ಕಾರ್ಮಿಕರಿಗೆ ತರಬೇತಿ'. ಇದನ್ನು ಪೂರ್ತಿ ಓದುವಷ್ಟರಲ್ಲಿ ಅರ್ಧ ಜನ ರೇಡಿಯೋ ಕಿವಿ ತಿರುವಿರುತ್ತಾರೆ. ಅದಕ್ಕೇ ನಾನು ಮೂರೇ ಪದದಲ್ಲಿ ಹೇಳಿಬಿಡುತ್ತೇನೆ: ಮನೆಗೆ ಉಡಿದಾರ ಕಟ್ಟಿ. ಉಳಿದ ಹತ್ತು ನಿಮಿಷ ಇದನ್ನೇ ತಿರುಗಿಸಿ ತಿರುಗಿಸಿ ಹೇಳುವವನಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಾತಾಡುತ್ತಿರುವುದು ಇಂಜಿನಿಯರುಗಳ ಹತ್ತಿರ ಅಲ್ಲ. ಅವರಿಗೆ ಪುಸ್ತಕ ಇದೆ. ಸಾರುವೆ ಮೇಲೆ ಕೂತು, ಪಕ್ಕದಲ್ಲಿ ಮೊಬೈಲಿನ ರೇಡಿಯೋ ಹಚ್ಚಿಕೊಂಡು ಕರಣೆ ಆಡಿಸುತ್ತಿರುವ ಗೌಂಡಿ ಇದ್ದಾರಲ್ಲ, ಅವರ ಹತ್ತಿರ. ಮತ್ತೆ ರೊಟ್ಟಿ ಬಡಿಯುತ್ತಾ ಈ ವರ್ಷ ಎರಡು ಖೋಲಿ ಹಾಕಿಸಿಯೇ ಬಿಡಬೇಕು ಅಂತ ಲೆಕ್ಕ ಹಾಕುತ್ತಿರುವ ಅಕ್ಕನ ಹತ್ತಿರ. ಹಳ್ಳಿಯಲ್ಲಿ ಮನೆ ಹೇಗಿರಬೇಕು ಅಂತ ತೀರ್ಮಾನ ಮಾಡುವವರು ಈ ಇಬ್ಬರೇ. ನಮ್ಮಂಥವರು ಬರುವುದು ಬಿದ್ದ ಮೇಲೆ, ಫೋಟೋ ತೆಗೆಯಲಿಕ್ಕೆ.

ಕಿಲ್ಲಾರಿ ಅಂದರೆ ನಮ್ಮ ಕಡೆ ಐವತ್ತು ದಾಟಿದವರಿಗೆ ಬೇರೆ ವಿವರಣೆ ಬೇಡ. ಚಿಕ್ಕವರಿಗೆ ಹೇಳುತ್ತೇನೆ. ನಮ್ಮ ಆಳಂದದ ಗಡಿ ದಾಟಿದರೆ ಸ್ವಲ್ಪ ದೂರದಲ್ಲೇ ಮಹಾರಾಷ್ಟ್ರದ ಲಾತೂರು ಜಿಲ್ಲೆ, ಅಲ್ಲಿಯ ಊರು ಕಿಲ್ಲಾರಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಗಣಪತಿ ಕಳಿಸಿ ಬಂದು ಜನ ದಣಿದು ಮಲಗಿದ್ದರು. ಭೂಮಿ ಅಲುಗಾಡಿದ್ದು ಕೆಲವೇ ಸೆಕೆಂಡು. ಸತ್ತವರು ಹತ್ತು ಸಾವಿರದ ಹತ್ತಿರ. ಆ ದಿನ ಕಲಬುರಗಿ, ಬೀದರ್ ಕಡೆಯವರೂ ಪಾತ್ರೆ ಉರುಳಿದ ಸದ್ದಿಗೆ ಎದ್ದು ಹೊರಗೆ ಓಡಿ ಬಂದವರೇ.

ಅದರ ಅಳತೆ ರಿಕ್ಟರ್ ಮಾಪಕದಲ್ಲಿ ಆರು ದಾಟಿತ್ತು ಅಷ್ಟೇ. ಜಪಾನಿನಲ್ಲಿ ಅಷ್ಟಕ್ಕೆ ಜನ ಹೊರಗೆ ಬಂದು ನೋಡಿ ಒಳಗೆ ಹೋಗುತ್ತಾರೆ. ಹತ್ತು ಸಾವಿರ ಜನರನ್ನು ಕೊಂದಿದ್ದು ಭೂಮಿ ಅಲ್ಲ, ಗೋಡೆ ಮತ್ತು ಮಾಳಿಗೆ. ಇಂಥ ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಸರ್ಕಾರದ ನಕಾಶೆಯಲ್ಲಿ ಆಗ ಕಿಲ್ಲಾರಿ ಇದ್ದದ್ದು ತೀರಾ ಕಡಿಮೆ ಅಪಾಯದ ವಲಯದಲ್ಲಿ. 2002ರಲ್ಲಿ ನಕಾಶೆ ಬದಲಾಯಿಸಿದರು. ನಕಾಶೆ ನೋಡಿ ಮನೆ ಕಟ್ಟುತ್ತೀನಿ ಅನ್ನುವವರಿಗೆ ಇಷ್ಟು ಸಾಕಲ್ವಾ? 2021ರ ಅಕ್ಟೋಬರಿನಲ್ಲಿ ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ ಜನ ರಾತ್ರಿಯೆಲ್ಲ ಬಯಲಲ್ಲಿ ಮಲಗಿದ್ದರು. ಅಳತೆ ನಾಲ್ಕರ ಆಸುಪಾಸು. ಪುಣ್ಯಕ್ಕೆ ಅಷ್ಟೇ.

ಗೋಡೆ ಯಾಕೆ ಬೀಳುತ್ತದೆ? ನಮ್ಮ ಹಳೇ ಕಲ್ಲಿನ ಗೋಡೆ ನೋಡಿ, ಎರಡು ಅಡಿ, ಮೂರು ಅಡಿ ದಪ್ಪ. ನೋಡಲಿಕ್ಕೆ ಕೋಟೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಗಲ್ಲು, ಮಣ್ಣು. ಎರಡಕ್ಕೂ ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಅದಕ್ಕೇ ಹಳೇ ಗೋಡೆ ಹೊಟ್ಟೆ ಬಿಡುತ್ತದೆ. ಇನ್ನು ನಾಲ್ಕು ಗೋಡೆ ಸೇರುವ ಮೂಲೆ. ಭೂಮಿ ಪೂರ್ವ ಪಶ್ಚಿಮ ಜೋಲಿ ಹೊಡೆದರೆ ಎರಡು ಗೋಡೆ ಉದ್ದಕ್ಕೆ ತಡೆದುಕೊಳ್ಳುತ್ತವೆ, ಇನ್ನೆರಡು ಗೋಡೆ ಅಡ್ಡಕ್ಕೆ ತೂಗಾಡುತ್ತವೆ. ಒಂದು ಗಟ್ಟಿಯಾಗಿ ನಿಂತಿದೆ, ಇನ್ನೊಂದು ಓಲಾಡುತ್ತಿದೆ, ಹರಿಯುವುದು ಎಲ್ಲಿ? ಮೂಲೆಯಲ್ಲಿ. ಮೂಲೆ ಬಿಟ್ಟಿತು ಅಂದರೆ ಗೋಡೆ ಹೊರಗೆ, ಮಾಳಿಗೆ ಒಳಗೆ.

ಹೊಲದಲ್ಲಿ ಜೋಳದ ಕಣಿಕೆ ಕೊಯ್ದು ನಿಲ್ಲಿಸುತ್ತೀರಲ್ಲ, ಸೂಡು ಕಟ್ಟದೆ ನಿಲ್ಲಿಸಿ ನೋಡಿ. ಕಟ್ಟಿದರೆ ನಿಲ್ಲುತ್ತದೆ. ಮನೆಯೂ ಅಷ್ಟೇ.

ಈಗ ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆದರೂ ಹೇಳಲೇಬೇಕು, ಯಾಕೆಂದರೆ ಉಡಿದಾರ ಅನ್ನುವ ಹೆಸರು ನನ್ನದಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೌಂಡಿಗಳಿಗೆ ತರಬೇತಿ ಕೊಡು ಅಂತ ನನ್ನನ್ನು ಒಂದು ಊರಿಗೆ ಕಳಿಸಿದರು. ಸಾಲಿಯ ಒಂದು ಕೋಣೆ, ಇಪ್ಪತ್ತೆರಡು ಜನ ಗೌಂಡಿಗಳು. ನಾನು ಬಿಳಿ ಪರದೆ ಕಟ್ಟಿ, ಕಿಟಕಿ ಮುಚ್ಚಿ, ಸ್ಲೈಡ್ ತೋರಿಸಿದೆ. ನಕ್ಷೆಯೆಲ್ಲ ಇಂಗ್ಲಿಷಿನಲ್ಲಿ. ಊಟ ಆದ ಮೇಲೆ ಕತ್ತಲು ಕೋಣೆಯಲ್ಲಿ ಇನ್ನೇನಾಗುತ್ತದೆ? ಹತ್ತು ನಿಮಿಷಕ್ಕೆ ಗೊರಕೆ. ಎಚ್ಚರ ಇದ್ದವರು ಒಬ್ಬರೇ, ಅರವತ್ತು ದಾಟಿದ ಹಿರಿ ಗೌಂಡಿ, ಊರೆಲ್ಲ ಕಾಕಾ ಅಂತಿತ್ತು. ದೀಪ ಹಚ್ಚಿದ ಕೂಡಲೇ ಕಾಕಾ ಕೇಳಿದರು, "ಸಾಹೇಬ್ರ, ನಲವತ್ತು ವರ್ಷ ಆತು ನಾ ಗ್ವಾಡಿ ಕಟ್ಟಾಕತ್ತು. ನನ್ನ ಕೈಯಾಗಿಂದು ಒಂದೂ ಬಿದ್ದಿಲ್ಲ. ನೀವು ಎಷ್ಟು ಗ್ವಾಡಿ ಕಟ್ಟೀರಿ?"

ಒಂದೂ ಇಲ್ಲ ಅಂದೆ. ಮಲಗಿದ್ದವರೆಲ್ಲ ಎದ್ದು ನಕ್ಕರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪರದೆ ಮಡಚಿ ಇಟ್ಟು ಒಂದು ಟ್ರ್ಯಾಕ್ಟರ್ ತರಿಸಿದೆ. ಅದರ ಟ್ರೇಲರ್ ಮೇಲೆ ಸೊಂಟದೆತ್ತರದ ಎರಡು ಮನೆ ಕಟ್ಟೋಣ ಅಂದೆ. ಒಂದು ಕಾಕಾ ತಮಗೆ ಹೇಗೆ ಬೇಕೋ ಹಾಗೆ ಕಟ್ಟಬೇಕು. ಇನ್ನೊಂದು ಹುಡುಗ ಗೌಂಡಿಗಳು ನಾನು ಹೇಳಿದ ಹಾಗೆ. ಕಲ್ಲು ಅದೇ, ಮಣ್ಣು ಅದೇ. ನಮ್ಮ ಮನೆಗೆ ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಒಂದು ಸಣ್ಣ ಕಾಂಕ್ರೀಟ್ ಪಟ್ಟಿ, ಒಳಗೆ ಎರಡು ತೆಳ್ಳನೆಯ ಸರಳು. ಇಷ್ಟೇ ವ್ಯತ್ಯಾಸ.

ಕಾಕಾ ಕಟ್ಟಿದ್ದನ್ನು ನೀವು ನೋಡಬೇಕಿತ್ತು. ಪ್ರತಿ ಕಲ್ಲನ್ನೂ ಕೈಯಲ್ಲಿ ತಿರುಗಿಸಿ, ಮುಖ ನೋಡಿ, ಸುತ್ತಿಗೆಯಿಂದ ಎರಡೇ ಏಟು, ಕೂರಿಸಿದರೆ ಕೂತಿತು. ಗುಂಡು ಬಿಟ್ಟು ನೋಡಿದರೆ ಕೂದಲೆಳೆ ಆಚೆ ಈಚೆ ಇಲ್ಲ. ನಮ್ಮ ಹುಡುಗರ ಗೋಡೆ ಅದರ ಮುಂದೆ ಸೊಟ್ಟಗೆ ಕಾಣುತ್ತಿತ್ತು, ನನಗೇ ನಾಚಿಕೆ ಆಯಿತು. ಒಂದು ವಾರ ಒಣಗಲು ಬಿಟ್ಟೆವು. ಎರಡಕ್ಕೂ ಮೇಲೆ ಶಾಬಾದಿ ಕಲ್ಲು ಹಾಸಿ, ಅದರ ಮೇಲೆ ಎರಡೆರಡು ಚೀಲ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು. ಸಾಲಿಯ ಒಂದು ಹುಡುಗಿ ತನ್ನ ಎರಡು ಮಣ್ಣೆತ್ತು ತಂದು, ಯಾರನ್ನೂ ಕೇಳದೆ, ಎರಡು ಮನೆಯೊಳಗೆ ಒಂದೊಂದು ಇಟ್ಟಳು.

ಊರೇ ಸೇರಿತ್ತು. ಡ್ರೈವರ್ ಹುಡುಗನಿಗೆ ಹುಮ್ಮಸ್ಸು. ಕ್ಲಚ್ ಬಿಟ್ಟು ಒಮ್ಮೆ ಜಗ್ಗಿ, ಬ್ರೇಕ್ ಹಾಕಿದ. ಏನೂ ಆಗಲಿಲ್ಲ. ಕಾಕಾ ಮೀಸೆ ತೀಡಿದರು. ಎರಡನೇ ಸಲ ಎರಡೂ ಮನೆಯಿಂದ ಮಣ್ಣಿನ ಪುಡಿ ಉದುರಿತು. ಮೂರನೇ ಸಲ ಕಾಕಾನ ಮನೆಯ ಮೂಲೆಯಲ್ಲಿ ಮೇಲಿಂದ ಕೆಳಗೆ ಒಂದು ಗೆರೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಜನ ಸುಮ್ಮನಾದರು. ನಾಲ್ಕನೇ ಜಗ್ಗಿಗೆ ಆ ಗೆರೆ ಬಾಯಿ ತೆರೆಯಿತು, ಒಂದು ಗೋಡೆ ಇಡಿಯಾಗಿ ಹೊರಗೆ ಮಗುಚಿತು, ಶಾಬಾದಿ ಕಲ್ಲು ಒಳಗೆ ಕುಸಿಯಿತು. ನಮ್ಮ ಸೊಟ್ಟ ಮನೆಗೆ ಪಟ್ಟಿಯ ಕೆಳಗೆ ಅಲ್ಲಲ್ಲಿ ಬಿರುಕು ಬಂತು, ಎರಡು ಕಲ್ಲು ಜಾರಿದವು, ಆದರೆ ನಿಂತೇ ಇತ್ತು. ಹುಡುಗಿ ಓಡಿ ಬಂದು ಕೈ ಹಾಕಿ ಅದರೊಳಗಿನ ಎತ್ತು ತೆಗೆದಳು, ಒಂದು ಕೋಡೂ ಮುರಿದಿರಲಿಲ್ಲ. ಇನ್ನೊಂದನ್ನು ಹುಡುಕಲಿಕ್ಕೆ ಹೋಗಲಿಲ್ಲ.

ಕಾಕಾ ಏನೂ ಮಾತಾಡದೆ ಬೇವಿನ ಮರದ ಹಿಂದೆ ಹೋಗಿ ಬೀಡಿ ಹಚ್ಚಿದರು. ಮುಗೀತು, ಇನ್ನು ಈ ಮನುಷ್ಯ ತರಬೇತಿಗೆ ಬರುವುದಿಲ್ಲ, ಹತ್ತು ಜನರನ್ನೂ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಬೀಡಿ ಮುಗಿಸಿ ಬಂದರು. ನಿಂತ ಮನೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಒಂದು ಸುತ್ತು ಬಂದರು. ಆಮೇಲೆ ಕೇಳಿದರು, "ಮನಿಗೆ ಉಡದಾರ ಕಟ್ಟೀರಿ ಅನ್ರಿ. ಗಂಟು ಎಲ್ಲಿ ಹಾಕೀರಿ?"

ನೋಡಿ, ಇದು ಪ್ರಶ್ನೆ! ನನ್ನ ಎಷ್ಟೋ ಸಹೋದ್ಯೋಗಿಗಳಿಗೆ ಈ ಪ್ರಶ್ನೆ ಹೊಳೆದಿಲ್ಲ. ಪಟ್ಟಿಯ ಜೀವ ಇರುವುದೇ ಗಂಟಿನಲ್ಲಿ. ಒಂದು ಗೋಡೆಯ ಸರಳು ಮೂಲೆಗೆ ಬಂದು ಅಲ್ಲೇ ನಿಂತರೆ ಅದು ಉಡಿದಾರ ಅಲ್ಲ, ನಾಲ್ಕು ತುಂಡು ದಾರ. ಸರಳನ್ನು ಬಾಗಿಸಿ ಮೂಲೆ ದಾಟಿಸಬೇಕು, ಪಕ್ಕದ ಗೋಡೆಯೊಳಗೆ ಎರಡು ಅಡಿ ಹೋಗಬೇಕು, ಅಲ್ಲಿಯ ಸರಳಿನ ಜೊತೆ ತಂತಿ ಸುತ್ತಿ ಕಟ್ಟಬೇಕು. ಅದೇ ಗಂಟು. ಮಾರನೇ ದಿನದಿಂದ ಕಾಕಾನೇ ಪಾಠ ಹೇಳಿದರು, ನಾನು ಚಹಾ ತರಿಸಿದೆ. ಗೌಂಡಿಗೆ ಗೌಂಡಿಯೇ ಹೇಳಿದರೆ ನಾಟುತ್ತದೆ. 2001ರ ಗುಜರಾತ್ ಭೂಕಂಪ ಆದ ಮೇಲೆ ಪಾಟಣ ಜಿಲ್ಲೆಯ ಪಾಟಣ್ಕಾ ಅನ್ನುವ ಊರಿಗೆ ನೇಪಾಳದಿಂದ ಗೌಂಡಿಗಳು ಬಂದು ಅಲ್ಲಿಯವರಿಗೆ ಕಲಿಸಿದರು. ಭಾಷೆ ಬೇರೆ, ಕರಣೆ ಹಿಡಿಯುವ ಕೈ ಒಂದೇ.

ಈಗ ಅಳತೆ ಕೇಳಿ. ಅಕ್ಕಾ, ನೀವೂ ಕೇಳಿ, ಆಮೇಲೆ ನಿಂತು ನೋಡುವವರು ನೀವೇ. ಹನ್ನೆರಡಕ್ಕೆ ಹದಿನೈದು ಅಡಿಯ ಒಂದು ಖೋಲಿ. ಸುತ್ತಳತೆ 54 ಅಡಿ. ಬಾಗಿಲು, ಕಿಟಕಿಯ ತಲೆ ಮಟ್ಟದಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಮೂರು ಇಂಚು ದಪ್ಪದ ಕಾಂಕ್ರೀಟ್. ಅದರಲ್ಲಿ 10 ಮಿಲಿಮೀಟರಿನ ಎರಡು ಸರಳು, ಅರ್ಧರ್ಧ ಅಡಿಗೆ ಅಡ್ಡ ಕೊಂಡಿ. ಪೇಟೆಯಲ್ಲಿ ಸಿಗುವ ನಲವತ್ತು ಅಡಿಯ ಸರಳು ಮೂರು ಸಾಕು, ತೂಕ 22 ಕಿಲೋ. ಸಿಮೆಂಟು ಮೂರು ನಾಲ್ಕು ಚೀಲ. ಮನೆ ಮುಂದೆ ಹಾಕಿಸುವ ಗೇಟಿಗೆ ಇದಕ್ಕಿಂತ ಜಾಸ್ತಿ ಕಬ್ಬಿಣ ಹೋಗುತ್ತದೆ! ಗೇಟು ಬೇಡ ಅನ್ನುತ್ತಿಲ್ಲ. ಮೊದಲು ಉಡಿದಾರ, ಆಮೇಲೆ ಗೇಟು.

ನಮ್ಮಲ್ಲಿ ಆಗುವ ತಪ್ಪು ಏನು ಗೊತ್ತಾ? ಲಿಂಟಲ್ ಹಾಕುತ್ತಾರೆ, ಬಾಗಿಲ ಮೇಲೆ ಒಂದು ತುಂಡು, ಕಿಟಕಿ ಮೇಲೆ ಒಂದು ತುಂಡು. ಕೇಳಿದರೆ ಹಾಕಿದ್ದೀವಲ್ರೀ ಅಂತಾರೆ. ಅಲ್ಲಪ್ಪಾ, ಸೊಂಟದ ಮುಂದೆ ಒಂದು ಗೇಣು ದಾರ ಅಂಟಿಸಿಕೊಂಡರೆ ಉಡಿದಾರ ಆಗುತ್ತದಾ? ಸುತ್ತು ಬರಬೇಕು. ಎಲ್ಲೂ ಕಡಿಯಬಾರದು. ನಡುಗೋಡೆ ಇದ್ದರೆ ಅದರ ಮೇಲೂ ಹೋಗಬೇಕು.

ಇದು ಇಂಜಿನಿಯರುಗಳು ಮೊನ್ನೆ ಕಂಡುಹಿಡಿದದ್ದೂ ಅಲ್ಲ. ಹಿಮಾಚಲದ ಬೆಟ್ಟದ ಊರುಗಳಲ್ಲಿ ಕಾಠ್‌ಕುಣಿ ಅಂತ ಹಳೇ ಮನೆಗಳಿವೆ, ಕಲ್ಲಿನ ಸಾಲುಗಳ ನಡುನಡುವೆ ಸುತ್ತಲೂ ದೇವದಾರು ತೊಲೆ, ಮೂಲೆಯಲ್ಲಿ ಒಂದರೊಳಗೊಂದು ಹೆಣೆದಿರುತ್ತಾರೆ. ಅದೂ ಉಡಿದಾರವೇ, ಮರದ್ದು. ಕಿಲ್ಲಾರಿ ಆದ ಮೇಲೆ ಜನ ಕಲ್ಲು ಅಂದರೆ ಹೆದರಿ ಕಾಂಕ್ರೀಟೇ ಬೇಕು ಅಂತ ಹಟ ಹಿಡಿದರು. ಅವರ ಸಂಕಟ ಅವರಿಗೆ, ತಪ್ಪು ಅನ್ನಲಾರೆ. ಆದರೆ ಕಲ್ಲಿನದ್ದೇನು ತಪ್ಪು? ಕಟ್ಟದೆ ಬಿಟ್ಟರೆ ಇಟ್ಟಿಗೆಯೂ ಬೀಳುತ್ತದೆ, ಸಿಮೆಂಟ್ ಬ್ಲಾಕೂ ಬೀಳುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಾಕಾನ ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಕಲ್ಲಿನ ಗೋಡೆಯಲ್ಲಿ ಒಳಸಾಲು ಹೊರಸಾಲು ಎರಡನ್ನೂ ಹಿಡಿಯುವ ಉದ್ದ ಕಲ್ಲು ಇಡಿ, ಆರ್‌ಪಾರ್ ಕಲ್ಲು. ಎತ್ತರಕ್ಕೆ ಎರಡು ಅಡಿಗೊಂದು, ಉದ್ದಕ್ಕೆ ನಾಲ್ಕು ಅಡಿಗೊಂದು. ಹಳೇ ಮನೆ ಇದೆಯಾ? ಬೀಳಿಸಬೇಕಾಗಿಲ್ಲ. ಹುಷಾರಾಗಿ ಅಲ್ಲಲ್ಲಿ ಒಂದು ಕಲ್ಲು ಬಿಡಿಸಿ, ಈ ಕಡೆಯಿಂದ ಆ ಕಡೆಗೆ ತೂತು ಮಾಡಿ, ಎರಡೂ ತುದಿ ಕೊಕ್ಕೆ ಬಾಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿ. ಲಾತೂರು, ಉಸ್ಮಾನಾಬಾದ್ ಕಡೆ ಹಳೇ ಮನೆಗಳನ್ನು ಹೀಗೆಯೇ ಗಟ್ಟಿ ಮಾಡಿದರು. ಅಲ್ಲಿ ಊರಿನ ಹೆಂಗಸರನ್ನೇ ಸಂವಾದ ಸಹಾಯಕರು ಅಂತ ನೇಮಿಸಿ ಮನೆಮನೆಯವರಿಗೆ ತಿಳಿಸಿ ಹೇಳಲಿಕ್ಕೆ ಹಚ್ಚಿದರು, ಅದರ ಬಗ್ಗೆ ಇನ್ನೊಂದು ದಿನ ಕರೆದರೆ ಅರ್ಧ ಗಂಟೆ ಮಾತಾಡುತ್ತೇನೆ.

ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲಿ ಅಂತ ಒಂದು ಪದರ ಮಣ್ಣು ಹಾಕುತ್ತಾ ಬರುತ್ತೀರಿ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಹತ್ತಕ್ಕೆ ಹನ್ನೆರಡು ಅಡಿ ಖೋಲಿಯ ಮೇಲೆ ಒಂದು ಅಡಿ ಮಣ್ಣು ಅಂದರೆ ಐದು ಟನ್ನಿಗೂ ಜಾಸ್ತಿ. ನೀವು ಅದರ ಕೆಳಗೆ ಮಲಗಿದ್ದೀರಿ. ಈ ಬೇಸಿಗೆಯಲ್ಲಿ ಹತ್ತಿ ಅಗೆದು ನೋಡಿ, ಎಷ್ಟಿದೆ ಅಂತ. ಅರ್ಧ ಇಳಿಸಿ.

ಬಾಗಿಲು, ಕಿಟಕಿ ಮೂಲೆಯಿಂದ ಎರಡು ಅಡಿ ದೂರ ಇರಲಿ. ವಾಸ್ತು ಹೇಳುವವರು ಮೂಲೆಗೆ ತಳ್ಳು ಅಂದರೆ ನನ್ನ ಹತ್ತಿರ ಕಳಿಸಿ.

ಕೈ ಎತ್ತಿದರು, ಆಯಿತು. ಪಟ್ಟಿ ಹಾಕಿದ ಮೇಲೆ ಗೋಣಿತಟ್ಟು ಹೊದಿಸಿ ಏಳು ದಿನ ನೀರು ಹಾಕಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಗೌಂಡಿ ಹಾಕುವುದಿಲ್ಲ ಅಕ್ಕಾ, ನೀವೇ ಹಾಕಬೇಕು. ನಮಸ್ಕಾರ.