ಅಡ್ಡಹೆಸರು ಕೇಳಿ ತಟ್ಟೆ ಇಡುವವರು

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ. ಸುತ್ತಿ ಬಳಸದೆ ಮಾತಾಡ್ತೀನಿ.

ಹಾಸ್ಟೆಲಿಗೆ ಹೊಸ ಹುಡುಗ ಬರುತ್ತಾನೆ. ಟ್ರಂಕು ಇನ್ನೂ ಕೈಯಲ್ಲೇ ಇರುತ್ತದೆ. ಹೆಸರೇನು? ಯಾವ ಊರು? ಅಡ್ಡಹೆಸರೇನು? ಅಡ್ಡಹೆಸರಿನಲ್ಲಿ ಸುಳಿವು ಸಿಗದಿದ್ದರೆ ಊರಲ್ಲಿ ಯಾವ ಓಣಿ, ಅದರಲ್ಲೂ ಗೊತ್ತಾಗದಿದ್ದರೆ ಸಿಇಟಿ ರ್‍ಯಾಂಕ್ ಎಷ್ಟು. ಕೇಳುವವನು ಸುಮ್ನೆ ಕೇಳ್ತಿಲ್ಲ ಅಂತ ಹೇಳುವವನಿಗೂ ಗೊತ್ತು. ರಾತ್ರಿ ಮೆಸ್ಸಿನಲ್ಲಿ ಯಾರ ಪಕ್ಕ ತಟ್ಟೆ ಇಡಬೇಕು, ಶೇಂಗಾ ಹಿಂಡಿ ಡಬ್ಬಿ ಯಾರ ಕಡೆ ಸರಿಸಬೇಕು ಅನ್ನೋದು ಅಷ್ಟೊತ್ತಿಗೆ ತೀರ್ಮಾನ ಆಗಿಬಿಟ್ಟಿರುತ್ತದೆ.

ಜನಾಂಗ ಭೇದ ಅಂದ ಕೂಡಲೇ ನಮಗೆ ಅಮೆರಿಕ ನೆನಪಾಗುತ್ತದೆ. ಅಷ್ಟು ದೂರ ಯಾಕೆ? 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಮಾರ್ಕೆಟ್ಟಿನಲ್ಲಿ ಏಟು ತಿಂದು ತೀರಿಕೊಂಡರು. ಜಗಳ ಶುರುವಾಗಿದ್ದು ಅವರ ಕೂದಲನ್ನು ನೋಡಿ ಗೇಲಿ ಮಾಡಿದ್ದರಿಂದ. 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈ ಮಾಡಿತು. ಬಣ್ಣ ಒಂದೇ ಅಂತ. ಅದೇ ವರ್ಷ ಜನವರಿಯಲ್ಲಿ ಹೈದರಾಬಾದ್ ವಿವಿಯಲ್ಲಿ, ಜಾತಿ ತಾರತಮ್ಯದ ವಿರುದ್ಧ ದನಿ ಎತ್ತಿದ್ದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಬಿಟ್ಟರು. ನನ್ನ ಪ್ರಕಾರ ಜಾತಿ, ಬಣ್ಣ, ಮುಖ ಅಂತ ಇವನ್ನು ಬೇರೆ ಬೇರೆ ಖಾನೆಗೆ ಹಾಕಿ ಪಾಠ ಮಾಡೋದರಿಂದ ಜಾಸ್ತಿ ಉಪಯೋಗವಿಲ್ಲ. ಹುಟ್ಟಿನ ಲೆಕ್ಕದಲ್ಲಿ ಮನುಷ್ಯನಿಗೆ ಬೆಲೆ ಕಟ್ಟುವ ಚಾಳಿ ಎಲ್ಲ ಕಡೆ ಒಂದೇ.

ಇದು ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ನೋಡಿದ್ದೀರಲ್ವಾ, ಒಂದು ಮಿನಾರು, ಅಲ್ಲಲ್ಲಿ ಉಳಿದ ನೀಲಿ ಹೆಂಚು? 1472ರಲ್ಲಿ ಅದನ್ನು ಕಟ್ಟಿಸಿದವನು ಇರಾನಿನಿಂದ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು. ಬಹಮನಿ ದರ್ಬಾರಿನಲ್ಲಿ ಆಗ ಎರಡು ಬಣ. ಸಮುದ್ರ ದಾಟಿ ಬಂದ ಆಫಾಕಿಗಳು ಒಂದು ಕಡೆ, ಇಲ್ಲಿಯವರಾದ ದಖನಿಗಳು ಇನ್ನೊಂದು ಕಡೆ. ಆಫ್ರಿಕಾದಿಂದ ಬಂದ ಹಬಶಿಗಳು ದಖನಿಗಳ ಜೊತೆ ನಿಂತರು (ಅವರ ಹೆಸರಿನ ಹಬಶಿ ಕೋಟ್ ಇವತ್ತಿಗೂ ಬೀದರಿನಲ್ಲಿದೆ). ಗವಾನ್ ಇಬ್ಬರಿಗೂ ಹುದ್ದೆ ಹಂಚಿ ಸರಿತೂಗಿಸಲು ನೋಡಿದ. ಆಗಲಿಲ್ಲ. ಎದುರಾಳಿಗಳು ಅವನ ಮೊಹರು ಹಾಕಿದ ನಕಲಿ ಪತ್ರ ಹುಟ್ಟಿಸಿದರು, ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದ. ಆಮೇಲೆ ರಾಜ್ಯವೇ ಒಡೆದು ಐದಾಯಿತು. ಅಂಥ ದೊಡ್ಡ ಮದರಸಾ ಕಟ್ಟಿದವನಿಗೂ ಬಣ ಒಡೆಯಲು ಆಗಲಿಲ್ಲ ನೋಡಿ. ಕಟ್ಟಡ ಇದ್ದ ಮಾತ್ರಕ್ಕೆ ಜನ ಕೂಡುವುದಿಲ್ಲ.

ನಿಯಮ ಇಲ್ಲ ಅಂತಲ್ಲ. 2007ರಲ್ಲಿ, ಜಾತಿ ತಾರತಮ್ಯದ ದೂರು ವಿಚಾರಿಸಲು ಸರ್ಕಾರ ನೇಮಿಸಿದ ಥೋರಟ್ ಸಮಿತಿ ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಗೆ ಹೋಗಿ ನೋಡಿದಾಗ ದಲಿತ, ಆದಿವಾಸಿ ಹುಡುಗರು ಕಿರುಕುಳಕ್ಕೆ ಬೇಸತ್ತು ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒಟ್ಟಾಗಿದ್ದರು. 2012ರಲ್ಲಿ ಯುಜಿಸಿ ನಿಯಮ ತಂದಿತು: ಕ್ಲಾಸಿನಲ್ಲಿ ಜಾತಿ ಹೆಸರು ಕೂಗಬಾರದು, ಮೆಸ್ಸು, ಓದುವ ಕೋಣೆ, ಆಟದ ಮೈದಾನದಲ್ಲಿ ಬೇರೆ ಕೂರಿಸಬಾರದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಆ ಅಧಿಕಾರಿ ಯಾರು, ಯಾವ ಕೋಣೆಯಲ್ಲಿ ಕೂರುತ್ತಾರೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ. ಹ್ಞಾಂ, ಅದೇ.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ನಮ್ಮ ಹುಡುಗರು ಬೆಂಗಳೂರಿಗೆ ಓದಲು ಹೋದರೆ ಅಲ್ಲಿ ನಮ್ಮ ಮಾತಿನ ಧಾಟಿ ಕೇಳಿ ನಗುತ್ತಾರೆ, 371ಜೆ, ಅಂದರೆ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ, ಅದರ ಹೆಸರು ಎತ್ತಿದರೆ ಸಾಕು 'ಓ, ಕೋಟಾನಾ' ಅನ್ನುತ್ತಾರೆ. ಎಷ್ಟು ಉರಿಯುತ್ತದೆ! ಆದರೆ ಅದೇ ಹುಡುಗ ರಜೆಗೆ ಊರಿಗೆ ಬಂದು, ಕಡಗಂಚಿಯ ಕೇಂದ್ರೀಯ ವಿವಿಗೆ ಓದಲು ಬಂದ ಈಶಾನ್ಯದ ಹುಡುಗಿಯನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿ 'ಚೀನಾ' ಅಂತ ಕೂಗಿದರೆ, ತನ್ನ ಓಣಿಯ ಗೆಳೆಯನಿಗೇ 'ನಿಮಗೇನಪ್ಪ, ಸೀಟು ಸಿಗುತ್ತೆ' ಅಂದರೆ, ಅವನ ಉರಿಗೆ ಏನು ಅರ್ಥ?

ಮಾಡೋದು ಏನು ಅಂತೀರಾ? ಒಂದು ದಿನದ ಕಾರ್ಯಾಗಾರ, ಬ್ಯಾನರ್ರು, ಗ್ರೂಪ್ ಫೋಟೋ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಹಾಸ್ಟೆಲ್ ರೂಮುಗಳನ್ನು ಚೀಟಿ ಎತ್ತಿ ಹಂಚಿ. 'ನಮ್ಮವರ ಜೊತೆ ಹಾಕಿ ಸರ್' ಅಂತ ಬರುವ ಪೋಷಕರಿಗೆ ವಾರ್ಡನ್ ಇಲ್ಲ ಅನ್ನಲಿ. ಪ್ರಾಜೆಕ್ಟ್ ಗುಂಪುಗಳನ್ನು ಮೇಷ್ಟ್ರೇ ಮಾಡಲಿ, ಹುಡುಗರಿಗೆ ಬಿಟ್ಟರೆ ಪ್ರತಿ ಸಲ ಅದೇ ನಾಲ್ಕು ಮಂದಿ ಸೇರುತ್ತಾರೆ. ವೈವಾದಲ್ಲಿ ಅಪ್ಪ ಏನು ಮಾಡ್ತಾರೆ ಅಂತ ಕೇಳೋದು ನಿಲ್ಲಲಿ. ಆ ಅಧಿಕಾರಿಯ ಹೆಸರು, ಫೋನ್ ನಂಬರು ಮೆಸ್ಸಿನ ಗೋಡೆ ಮೇಲೆ ಬೀಳಲಿ, ಕುಲಸಚಿವರ ಫೈಲಿನಲ್ಲಿ ಅಲ್ಲ.

ಈಗ ಪ್ರಶ್ನೆ ಕೇಳಿ. ಹಿಂದೆ ಗೋಡೆಗೆ ಒರಗಿ ನಿಂತವರಿಗೆ ಮೊದಲು ಮೈಕ್ ಕೊಡಿ, ಮುಂದಿನ ಸಾಲಿನವರು ಆಮೇಲೆ.