ರಿಜಿಸ್ಟರಿನಲ್ಲಿರುವವರು, ಬೆಂಚಿನ ಮೇಲಿರುವವರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರು ಯಾವುದಾದರೊಂದು ಸಂಘದ ಆಜೀವ ಸದಸ್ಯರಾಗಿರುತ್ತೀರಿ. ನಾನೂ ಒಂದು ಸಂಘಕ್ಕೆ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಪುಸ್ತಕದಲ್ಲಿ ನಾನೂರು ಚಿಲ್ಲರೆ ಹೆಸರು, ವಾರ್ಷಿಕ ಸಭೆಗೆ ಬರುವವರು ಮೂವತ್ತು. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಕಾಫಿ ಕುಡಿದು, ಅದೇ ಜಾಗದಲ್ಲಿ ಅದೇ ಮೂವತ್ತು ಜನ ಮತ್ತೆ ಕೂರುತ್ತಿದ್ದೆವು. ತೀರಿಕೊಂಡವರ ಹೆಸರಿಗೂ ಆಹ್ವಾನ ಪತ್ರಿಕೆ ಹೋಗುತ್ತಿತ್ತು. ಹೆಸರು ಹೊಡೆದುಹಾಕಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನ ಸದಸ್ಯರ ಅಂಕಿ ಓದುವಾಗೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ.

'ಮಾರ್ಮನ್' ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಎಂದು ಆ ಚರ್ಚಿನ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡರು. ಪೂರ್ತಿ ಹೆಸರು ಉದ್ದ, ನನ್ನ ನಾಲಿಗೆಗೆ ಹಳೆಯ ಅಭ್ಯಾಸ. ಇವತ್ತಿಗೆ ಕ್ಷಮೆ ಇರಲಿ.

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫೇಯೆಟ್ ಎಂಬಲ್ಲಿ, ಒಬ್ಬ ರೈತನ ಮನೆಯಲ್ಲಿ, ಆರು ಜನರ ಹೆಸರಿನಲ್ಲಿ ಈ ಚರ್ಚು ಶುರುವಾಯಿತು. ಮುಂದಾಳು ಜೋಸೆಫ್ ಸ್ಮಿತ್‌ಗೆ ಆಗ 24 ವರ್ಷ. 1844ರಲ್ಲಿ ಗುಂಪೊಂದು ಆತನನ್ನು ಜೈಲಿನಲ್ಲೇ ಕೊಂದಿತು. ಬ್ರಿಗಮ್ ಯಂಗ್ ಉಳಿದವರನ್ನು ಕಟ್ಟಿಕೊಂಡು 1847ರಲ್ಲಿ ಈಗಿನ ಸಾಲ್ಟ್ ಲೇಕ್ ಸಿಟಿ ಇರುವ ಕಣಿವೆಗೆ ಬಂದ. ಅಲ್ಲಿಂದ ಸರಿಯಾಗಿ ನೂರು ವರ್ಷಕ್ಕೆ ಸದಸ್ಯರು ಹತ್ತು ಲಕ್ಷ. ಮತ್ತೆ ಐವತ್ತು ವರ್ಷಕ್ಕೆ, 1997ರಲ್ಲಿ, ಒಂದು ಕೋಟಿ. 2024ರ ಕೊನೆಗೆ ಚರ್ಚೇ ಕೊಟ್ಟ ಲೆಕ್ಕ 1 ಕೋಟಿ 75 ಲಕ್ಷ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗಿನವರು.

ಈ ಓಟ ಕಂಡು ರಾಡ್ನಿ ಸ್ಟಾರ್ಕ್ ಎಂಬ ಸಮಾಜಶಾಸ್ತ್ರಜ್ಞರು 1984ರಲ್ಲಿ ಒಂದು ಲೆಕ್ಕ ಹಾಕಿದರು. ಹತ್ತು ವರ್ಷಕ್ಕೆ ಶೇ. 50ರಂತೆ ಬೆಳೆದರೆ 2080ಕ್ಕೆ ಇವರು ಇಪ್ಪತ್ತಾರು ಕೋಟಿ ದಾಟುತ್ತಾರೆ, ಶೇ. 30 ಅಂದರೂ ಆರು ಕೋಟಿಗೆ ಮೋಸವಿಲ್ಲ. ಇಸ್ಲಾಂ ನಂತರ ಹುಟ್ಟುತ್ತಿರುವ ಮೊದಲ ದೊಡ್ಡ ವಿಶ್ವಧರ್ಮ ಇದೇ ಇರಬಹುದು ಎಂಬ ಮಾತೂ ಹುಟ್ಟಿಕೊಂಡಿತು. ಚಕ್ರಬಡ್ಡಿ ಲೆಕ್ಕಕ್ಕೆ ಇರುವ ಮೋಡಿಯೇ ಅಂಥದ್ದು.

ಈಗ ಬ್ರೆಜಿಲ್‌ಗೆ ಹೋಗೋಣ. 2010ರ ಹೊತ್ತಿಗೆ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂದು ಚರ್ಚಿನ ಪುಸ್ತಕ ಹೇಳುತ್ತಿತ್ತು. ಅದೇ ವರ್ಷ ಸರ್ಕಾರದ ಜನಗಣತಿಯವರು ಮನೆಬಾಗಿಲಿಗೆ ಹೋಗಿ 'ನಿಮ್ಮ ಧರ್ಮ ಯಾವುದು' ಎಂದು ಕೇಳಿದಾಗ ಈ ಚರ್ಚಿನ ಹೆಸರು ಹೇಳಿದವರು ಸುಮಾರು 2 ಲಕ್ಷ 26 ಸಾವಿರ. ಚಿಲಿಯಲ್ಲಿ 2002ರ ಜನಗಣತಿಗೆ ಸಿಕ್ಕವರು ಸುಮಾರು 1 ಲಕ್ಷ 4 ಸಾವಿರ, ಚರ್ಚಿನ ಪುಸ್ತಕದಲ್ಲಿ ಐದು ಲಕ್ಷದ ಮೇಲೆ. ಐವರಲ್ಲಿ ನಾಲ್ವರು ಎಲ್ಲಿ ಹೋದರು?

ಎಲ್ಲೂ ಹೋಗಲಿಲ್ಲ, ಪುಸ್ತಕದಲ್ಲೇ ಇದ್ದಾರೆ. ನೀರಿನಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ಪಡೆದವರ ಹೆಸರು, ಅವರಾಗಿ ಬರೆದು ಕೊಟ್ಟು ತೆಗೆಸದಿದ್ದರೆ, ಇಲ್ಲವೇ ಚರ್ಚೇ ಹೊರಹಾಕದಿದ್ದರೆ, ಸಾಯುವವರೆಗೂ ಉಳಿಯುತ್ತದೆ. ವಿಳಾಸ ಗೊತ್ತಿಲ್ಲದವರ ಹೆಸರಂತೂ ಅವರಿಗೆ 110 ವರ್ಷ ತುಂಬುವವರೆಗೆ ಲೆಕ್ಕದಲ್ಲಿರುತ್ತದೆ. ಎಂಟು ತುಂಬದ, ಇನ್ನೂ ದೀಕ್ಷಾಸ್ನಾನವಾಗದ ಮಕ್ಕಳೂ ಇದರಲ್ಲಿ ಸೇರುತ್ತಾರೆ. ಇದು ಸುಳ್ಳು ಲೆಕ್ಕ ಎಂದು ನಾನು ಹೇಳುವುದಿಲ್ಲ. ಅವರಿಗೆ ಸದಸ್ಯತ್ವ ದೇವರೊಂದಿಗೆ ಮಾಡಿಕೊಂಡ ಒಡಂಬಡಿಕೆ. ನಾಲ್ಕು ಭಾನುವಾರ ಬರಲಿಲ್ಲವೆಂದು ಅಳಿಸುವ ಹಾಜರಿಯಲ್ಲ. ಆ ಅಂಕಿಯನ್ನೇ ಬೆಳವಣಿಗೆಯ ಗ್ರಾಫಿಗೆ ಹಾಕಿದಾಗ ನನ್ನ ತಕರಾರು.

ಸೇರಿಸುವ ಅವಸರದ ಕಥೆಯೂ ಇದೆ. ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ, ಯಾವಾಗಲೂ ಜೋಡಿಯಾಗಿ ಓಡಾಡುವ ಹುಡುಗರನ್ನು ನೋಡಿರುತ್ತೀರಿ. ಎರಡು ವರ್ಷ ಊರುಮನೆ ಬಿಟ್ಟು, ತಮ್ಮದೋ ಮನೆಯವರದೋ ದುಡ್ಡಿನಲ್ಲಿ ಪ್ರಚಾರ ಮಾಡುತ್ತಾರೆ. ಈ ಚರ್ಚಿನ ಮಿಷನರಿಗಳು ಈಗ ಒಟ್ಟು ಎಪ್ಪತ್ತು ಸಾವಿರದ ಮೇಲಿದ್ದಾರೆ. 1960ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಇವರ ಮೇಲೆ ಸಂಖ್ಯೆಯ ಒತ್ತಡ ಬಿತ್ತು. ಆಗ ಬೀದಿಯ ಹುಡುಗರಿಗೆ ಬೇಸ್‌ಬಾಲ್ ಕಲಿಸುವುದು, ತಂಡಕ್ಕೆ ಸೇರಿದವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುವುದು ಶುರುವಾಯಿತು. ಎಷ್ಟೋ ಮಕ್ಕಳು ಅದನ್ನು ತಂಡಕ್ಕೆ ಸೇರುವ ಶಾಸ್ತ್ರ ಅಂದುಕೊಂಡರು. 'ಬೇಸ್‌ಬಾಲ್ ದೀಕ್ಷೆ' ಎಂಬ ಕುಹಕದ ಹೆಸರು ಇವತ್ತಿಗೂ ಉಳಿದಿದೆ. ಚಿಲಿಯ ಪರಿಸ್ಥಿತಿ ಸರಿಪಡಿಸಲು 2002ರಲ್ಲಿ ಚರ್ಚಿನ ಮೇಲ್ಮಟ್ಟದ ನಾಯಕರಾದ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾಗಿದ್ದ ಜೆಫ್ರಿ ಹಾಲೆಂಡ್ ಅವರೇ ಅಲ್ಲಿ ಹೋಗಿ ನೆಲೆಸಬೇಕಾಯಿತು. ಜನವಿಲ್ಲದ ಸಭೆಗಳನ್ನು ಒಂದಕ್ಕೊಂದು ಸೇರಿಸಲಾಯಿತು.

ನಮ್ಮಲ್ಲಿ? 1850ರ ದಶಕದಲ್ಲೇ ಕಲ್ಕತ್ತಕ್ಕೆ ಇವರ ಪ್ರಚಾರಕರು ಬಂದಿದ್ದರು, ಫಸಲು ಸಿಗಲಿಲ್ಲ. 1993ರಲ್ಲಿ ಬೆಂಗಳೂರು ಮಿಷನ್ ಕೇಂದ್ರವಾಯಿತು, ಭಾರತದ ಮೊದಲ ಮಾರ್ಮನ್ ದೇವಾಲಯಕ್ಕೆ 2018ರಲ್ಲಿ ಆ ಊರೇ ನಿಗದಿಯಾಯಿತು. ಇಡೀ ದೇಶದಲ್ಲಿ ಸದಸ್ಯರು ಹದಿನೈದು ಸಾವಿರದ ಆಚೀಚೆ. ಕಾಫಿ, ಟೀ ಎರಡೂ ನಿಷಿದ್ಧವಾದ ಧರ್ಮಕ್ಕೆ ನಮ್ಮ ಕಡೆ ಇಷ್ಟು ಸಿಕ್ಕಿದ್ದೇ ದೊಡ್ಡದು ಎಂದು ನನ್ನಂಥ ಕಾಫಿ ಚಟದವನು ಹೇಳಬಹುದು.

ಬ್ರೆಜಿಲ್, ಚಿಲಿಯ ಮಾತನ್ನೇ ತಿರುಗಿಸಿ ನೋಡಿದರೆ ಘಾನಾ ಸಿಗುತ್ತದೆ. 1964ರಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರ ಕೈಗೆ ಈ ಚರ್ಚಿನ ಗ್ರಂಥ ಬಿತ್ತು. ಓದಿ, ನಂಬಿ, ತಾವೇ ಸಭೆಗಳನ್ನು ಕಟ್ಟಿದರು. ಸಾಲ್ಟ್ ಲೇಕ್‌ಗೆ ಪತ್ರದ ಮೇಲೆ ಪತ್ರ ಬರೆದರು. ಅಲ್ಲಿಂದ ಪುಸ್ತಕ ಬಂತು, ಮಿಷನರಿ ಬರಲಿಲ್ಲ. ಕಪ್ಪು ಜನಾಂಗದ ಗಂಡಸರಿಗೆ ಚರ್ಚು ಯಾಜಕತ್ವವನ್ನೇ ಕೊಡುತ್ತಿರಲಿಲ್ಲ. ಹದಿನಾಲ್ಕು ವರ್ಷ ನೂರಾರು ಜನ ತಮ್ಮ ಹೆಸರಿಲ್ಲದ ಚರ್ಚಿನ ಬೆಂಚಿನ ಮೇಲೆ ಕೂತಿದ್ದರು.

1978ರ ಜೂನ್‌ನಲ್ಲಿ ಚರ್ಚು ಆ ನಿರ್ಬಂಧ ತೆಗೆಯಿತು. ಒಂದು ರಾತ್ರಿ ನಿದ್ದೆ ಬಾರದೆ ಜಾನ್ಸನ್ ರೇಡಿಯೋ ತಿರುಗಿಸಿದಾಗ ಬಿಬಿಸಿಯಲ್ಲಿ ಆ ಸುದ್ದಿ ಬಂತಂತೆ, ಕೂತಲ್ಲೇ ಅತ್ತರಂತೆ. ಅದೇ ಡಿಸೆಂಬರಿನಲ್ಲಿ ಕೇಪ್ ಕೋಸ್ಟ್‌ನ ಸಮುದ್ರದಂಡೆಗೆ ಮಿಷನರಿಗಳು ಬಂದು ನಿಂತರು. ಜಾನ್ಸನ್‌ರ ಜನ ಒಬ್ಬೊಬ್ಬರಾಗಿ ಅಲೆಯಲ್ಲಿ ಮುಳುಗಿ ಎದ್ದರು. ಅವರು ರಿಜಿಸ್ಟರಿಗೆ ಬಂದದ್ದು ಆಗ.

ಪ್ರಶ್ನೆಗಳಿದ್ದರೆ ಕೇಳಿ.