ಹಾಲ್‌ನಲ್ಲಿ ಸಿಕ್ಸ್, ರೂಮಲ್ಲಿ ಇನ್ನೂ ರನ್‌ಅಪ್!

[ದೃಶ್ಯ: ಹಾಲ್‌ನಲ್ಲಿ ಟಿವಿ, ಪಕ್ಕದ ರೂಮಲ್ಲಿ ಮೊಬೈಲ್]

ಆರ್‌ಸಿಬಿ ಮ್ಯಾಚು. ಅಪ್ಪ ಟಿವಿ ಮುಂದೆ, ಮಗ ರೂಮಲ್ಲಿ ಮೊಬೈಲ್ ಹಿಡಿದು. "ಸಿಕ್ಸ್!" ಅಂತ ಅಪ್ಪ ಕೂಗಿದಾಗ ಮಗನ ಫೋನಲ್ಲಿ ಬೌಲರ್ ಇನ್ನೂ ಓಡಿ ಬರ್ತಿರ್ತಾನೆ. ಮಜಾ ಎಲ್ಲಾ ಹಾಳು!

ಯಾಕೆ ಹೀಗೆ? ಡಿಟಿಎಚ್ ಅಂದ್ರೆ ಮಳೆ ಇದ್ದ ಹಾಗೆ. ಉಪಗ್ರಹದಿಂದ ಒಂದೇ ಸಿಗ್ನಲ್, ಎಲ್ಲರ ಮನೆ ಮೇಲೂ ಒಟ್ಟಿಗೇ ಸುರಿಯುತ್ತೆ. ಆ್ಯಪ್ ಅಂದ್ರೆ ನಲ್ಲಿ ನೀರು. ವಿಡಿಯೋವನ್ನ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಗುಣಮಟ್ಟದಲ್ಲಿ ಸರ್ವರ್‌ನಲ್ಲಿ ಇಟ್ಟಿರ್ತಾರೆ. ನೆಟ್ ಹೇಗಿದೆ ನೋಡ್ಕೊಂಡು ನಿಮ್ಮ ಫೋನೇ ಒಂದೊಂದಾಗಿ ತರಿಸ್ಕೊಳ್ಳುತ್ತೆ. ಮಧ್ಯೆ ನಿಲ್ಲಬಾರದು ಅಂತ ಕೆಲವು ತುಂಡುಗಳನ್ನ ಬಿಂದಿಗೆ ತುಂಬಿಟ್ಟ ಹಾಗೆ ಮೊದಲೇ ಇಟ್ಕೊಳ್ಳುತ್ತೆ. ಮುಖ್ಯವಾಗಿ ತಡ ಆಗೋದು ಅಲ್ಲೇ.

ಆದ್ರೆ ಮಳೆಗೆ ಗೊತ್ತಿಲ್ಲದ್ದು ನಲ್ಲಿಯವನಿಗೆ ಗೊತ್ತು: ಯಾವ ಮನೆಗೆ ಎಷ್ಟು ಹೋಯ್ತು ಅನ್ನೋದು. ಹಾಗಾಗಿ ಅದೇ ಓವರ್ ಮಧ್ಯೆ ನಿಮಗೊಂದು ಜಾಹೀರಾತು, ಪಕ್ಕದ ಮನೆಯವರಿಗೆ ಇನ್ನೊಂದು ತೋರಿಸಬಹುದು. ದುಡ್ಡಿರೋದು ಇಲ್ಲೇ ನೋಡಿ.

[ತೆರೆ ಮೇಲೆ: 23,575 ಕೋಟಿ | 23,758 ಕೋಟಿ]

2022ರ ಜೂನ್, ಐಪಿಎಲ್ ಹರಾಜು. 2023ರಿಂದ 2027ರವರೆಗೆ ಭಾರತದ ಟಿವಿ ಹಕ್ಕು ಸ್ಟಾರ್‌ಗೆ, 23,575 ಕೋಟಿಗೆ. ಡಿಜಿಟಲ್ ಹಕ್ಕು ರಿಲಯನ್ಸ್ ಬಳಗದ ವಯಾಕಾಂ18ಗೆ, 23,758 ಕೋಟಿಗೆ. ಮೊಬೈಲು ಟಿವಿಯನ್ನ ಒಂದು ಕೂದಲೆಳೆಯಷ್ಟು ಹಿಂದೆ ಹಾಕ್ತು. ಮುಂದಿನ ವರ್ಷ ಅವರದೇ ಆ್ಯಪ್ ಜಿಯೋಸಿನೆಮಾದಲ್ಲಿ ಮ್ಯಾಚು ಫ್ರೀ, ಕನ್ನಡ ಕಾಮೆಂಟರಿ ಸಮೇತ. ಫ್ರೀ ಅಂದ್ರೂ ಡೇಟಾ ಬೇಕಲ್ವಾ? ಜಿಯೋ ಸಿಮ್ ಇದ್ದೋರ ರೀಚಾರ್ಜ್ ದುಡ್ಡು ಅದೇ ಬಳಗಕ್ಕೆ!

2024ರ ನವೆಂಬರ್‌ನಲ್ಲಿ ಕಥೆ ಇನ್ನೂ ಚೆನ್ನಾಗಾಯ್ತು. ಟಿವಿ ಗೆದ್ದವರು, ಡಿಜಿಟಲ್ ಗೆದ್ದವರು ಇಬ್ಬರೂ ಒಂದೇ ಕಂಪನಿ ಆದ್ರು. ನಮಗೆ ಹತ್ತಿರದ ಲೆಕ್ಕ ಹೇಳ್ಬೇಕಂದ್ರೆ, ಟಿಆರ್‌ಪಿಗೆ ಕಿತ್ತಾಡ್ತಿದ್ದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಮನೆ ಮಕ್ಕಳು.

ಪೈಪೂ ನಮ್ಮದೇ, ನೀರೂ ನಮ್ಮದೇ ಅನ್ನೋ ಈ ಆಟ ಎಲ್ಲರಿಗೂ ಒಗ್ಗಲ್ಲ. ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ 2018ರಲ್ಲಿ ಸಿನಿಮಾ, ಟಿವಿ ಕಂಪನಿ ಟೈಮ್ ವಾರ್ನರ್ ಕೊಂಡು, 2022ರಲ್ಲಿ ಕೈ ಬಿಟ್ಟಿತ್ತು.

ಫೋನು, ಟಿವಿ ಹೀಗೆ ಬೆರೆತುಹೋಗುತ್ತೆ ಅನ್ನೋ ಸುಳಿವು ಸರ್ಕಾರಕ್ಕೆ ಇರಲಿಲ್ಲ ಅನ್ಕೊಬೇಡಿ. ಫೋನು, ಟಿವಿ, ಇಂಟರ್ನೆಟ್ ಮೂರಕ್ಕೂ ಒಂದೇ ಕಾನೂನು, ಒಂದೇ ಆಯೋಗ ಅಂತ 2001ರಲ್ಲೇ ಲೋಕಸಭೆಗೆ ಮಸೂದೆ ಬಂದಿತ್ತು. ಪಾಸಾಗಲೇ ಇಲ್ಲ.

[ದೃಶ್ಯ: ಮತ್ತೆ ಹಾಲ್, ರೂಮು]

ಹಾಗಾಗಿ ಇವತ್ತಿಗೂ, ಅಪ್ಪನ ಟಿವಿಗೆ ಸಿಕ್ಸ್ ಕೇಬಲ್‌ನಲ್ಲಿ ಬಂದ್ರೆ 1995ರ ಕೇಬಲ್ ಕಾಯ್ದೆ. ಅದೇ ಸಿಕ್ಸ್ ರೂಮಿನ ಮೊಬೈಲಿಗೆ ಬಂದ್ರೆ ಇಂಟರ್ನೆಟ್‌ಗಿರೋ 2021ರ ಐಟಿ ನಿಯಮ.